ಮೆನು ಅಚ್ಚು ಹಾಕುವವನು

ದೇರಾದ ನಾಯಿಫ್ ರಸ್ತೆ, ಮೊಬೈಲ್ ಅಂಗಡಿಯ ಪಕ್ಕಕ್ಕೆ
ಎಂಟು ಮೆಟ್ಟಿಲಿಳಿದರೆ ನಮ್ಮ ಪ್ರೆಸ್ಸು.
ಬಿಲ್ ಬುಕ್ಕು, ರಬ್ಬರ್ ಸ್ಟ್ಯಾಂಪು, ಮದುವೆ ಕಾರ್ಡು,
ಎಲ್ಲಕ್ಕಿಂತ ಹೆಚ್ಚು ಹೋಟೆಲುಗಳ ಮೆನು.
ಇರಾನಿ ಕಬಾಬು, ಮನಿಲಾದ ಹುಳಿಸಾರು,
ಯೆಮೆನಿನ ಮಂದಿ
(ಇಲ್ಲಿ ಮಂದಿ ಅಂದರ ಅನ್ನ, ಜನ ಅಲ್ಲ)
ಎಲ್ಲ ಮೊದಲು ನನ್ನ ಕೈಯಲ್ಲೇ ಬೇಯುತ್ತವೆ,
ಹದಿನಾಲ್ಕು ಪಾಯಿಂಟಿನಲ್ಲಿ, ಉಪ್ಪಿಲ್ಲದೆ.

ರಂಜಾನ್ ಮುಗಿದ ವಾರ ಟಾಂಗ್ ಶುಫೆನ್ ಬಂದಳು.
ಚೆಂಗ್ಡು ಊರಿನವಳು. ಇಂಟರ್‌ನ್ಯಾಷನಲ್ ಸಿಟಿಯಲ್ಲಿ,
ಚೀನಾದವರ ಓಣಿಯಲ್ಲಿ, ಆರು ಮೇಜು ಹಾಕಿದ್ದಾಳೆ.
ಕೈಯಲ್ಲಿ ಬರೆದ ನಾಲ್ಕು ಹಾಳೆ, ಮಾತಾಡುವ ಒಂದು ಫೋನು.
ಫೋನು ಓದಿತು, ನಾನು ಬರೆದುಕೊಂಡೆ:

ಮರ ಹತ್ತುವ ಇರುವೆಗಳು, ಇಪ್ಪತ್ತೆಂಟು ದಿರ್ಹಮು.
ಗಂಡಹೆಂಡಿರ ಪುಪ್ಪುಸ, ಮೂವತ್ತೆರಡು.
ಜೊಲ್ಲಿನ ಕೋಳಿ, ಮೂವತ್ತು.
ಸಿಡುಬಿನ ಕಲೆಯ ಅಜ್ಜಿಯ ತೋಫು, ಇಪ್ಪತ್ತೈದು.

ಅರಬ್ಬಿ ಜೋಡಿಸುವ ಬಸ್ಸಾಮ್, ಅಲೆಪ್ಪೋದವ,
ಕನ್ನಡಕ ತಲೆಗೇರಿಸಿ ಹೇಳಿದ: ಇದನ್ನು ಯಾರು ತಿನ್ನುತ್ತಾರೆ?
ಮುನ್ಸಿಪಾಲಿಟಿಯವ ಬಂದರೆ ಇರುವೆಗೇ ದಂಡ.
ಕೂತು ಒಂದೊಂದಾಗಿ
ಇರುವೆ ಗುಡಿಸಿದ, ಮರ ಕಡಿದ,
ಗಂಡಹೆಂಡಿರನ್ನು ಬೇರೆ ಮಾಡಿದ, ಅಜ್ಜಿಯ ಮುಖ ತೊಳೆದ.
ಉಳಿದದ್ದು: ಶ್ಯಾವಿಗೆ ಮತ್ತು ಕೈಮಾ.
ತಣ್ಣನೆಯ ದನದ ಮಾಂಸ. ಕೋಳಿ. ತೋಫು, ಖಾರ.

ಶುಫೆನ್ ಪ್ರೂಫು ನೋಡಿದಳು. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ.
ಮಿಸ್ಟರ್ ನದಾಫ್, ಎಂದಿತು ಫೋನು,
ನಿಮ್ಮೂರಲ್ಲಿ ಸಂಜೆ ಏನು ತಿಂತೀರಿ?

ಗಿರ್ಮಿಟ್ ಅಂದೆ.
ಫೋನು ಹುಡುಕಿತು, ತಡವರಿಸಿತು, ಏನೋ ನುಡಿಯಿತು.
ಅವಳು ನನ್ನ ಹಲ್ಲನ್ನೇ ನೋಡಿದಳು ಮರುಕದಿಂದ.
ಬಡಿಗೇರ ಕಟ್ಟಿಗೆಗೆ ತೂತು ಕೊರೆಯೋ ಗಿರ್ಮಿಟ್
ಅವಳ ಭಾಷೆಯೊಳಗೆ ಹೋಗಿತ್ತು, ಮಂಡಕ್ಕಿ ಹೊರಗೇ ನಿಂತಿತ್ತು.
ಅಲ್ಲಬೇ ತಾಯಿ, ಮಂಡಕ್ಕಿ, ಹುಣಸಿ ರಸ, ಪುಠಾಣಿ ಹಿಟ್ಟು,
ಮ್ಯಾಲೆ ಹಸಿ ಉಳ್ಳಾಗಡ್ಡಿ, ಕಡಿಲಿಕ್ಕೆ ಮಿರ್ಚಿ.
ರಂಜಕನೂ ಹೇಳಿದೆ: ಕೆಂಪು ಮೆಣಸಿನಕಾಯಿ ಅರೆದದ್ದು,
ಹೆಸರು ಮಾತ್ರ ತೋಪಿಗೆ ಹಾಕೋ ಮದ್ದಿನದು.
ಅದು ಮಾತ್ರ ಫೋನಿಲ್ಲದೆ ತಿಳಿಯಿತು ಅವಳಿಗೆ.
ಮೇಜು ಬಡಿದು ನಕ್ಕಳು.

ಮರುದಿನ ಒಂದು ಡಬ್ಬಿ ಬಂತು.
ಖಾರ ಗದಗಿನವನಿಗೆ ಹೊಸದಲ್ಲ,
ಆದರೆ ನಾಲಿಗೆಗೆ ಜೋಮು ಹಿಡಿದದ್ದು ಹೊಸದು,
ಕಾಲು ಮಡಚಿ ಬಹಳ ಹೊತ್ತು ಕೂತವರಿಗೆ ಹಿಡಿಯುವಂಥದು.
ಎಳೆಯೊಂದನ್ನು ಬೆಳಕಿಗೆ ಎತ್ತಿ ಹಿಡಿದೆ.
ಗಾಜಿನಂಥ ಶ್ಯಾವಿಗೆ, ಅಂಟಿಕೊಂಡ ಕೈಮಾದ ಕಾಳು.
ಹೌದು, ಹತ್ತುತ್ತಿದ್ದವು.
ಬಸ್ಸಾಮನಿಗೂ ತೋರಿಸಿದೆ. ಅವ ತಿಂದ, ಕಣ್ಣೊರೆಸಿಕೊಂಡ,
ಆದರೂ ಅರಬ್ಬಿ ತಿದ್ದಲಿಲ್ಲ.

ಮೆನುವಿನಲ್ಲಿ ಹೆಸರಿಗೂ ಬೆಲೆಗೂ ನಡುವೆ
ಚುಕ್ಕಿಗಳ ಸಾಲೊಂದು ಇರುತ್ತದೆ, ಯಾರೂ ನೋಡುವುದಿಲ್ಲ.
ಗದಗಿನಲ್ಲಿ ಅಪ್ಪ ಸೀಸದ ಮೊಳೆ ಜೋಡಿಸುವಾಗ ಹೇಳುತ್ತಿದ್ದ:
ಚುಕ್ಕಿ ಬಿಡಬ್ಯಾಡಲೇ, ಹಸದವ ದಾರಿ ತಪ್ಪತಾನ.
ಆ ರಾತ್ರಿ, ಮೆಷಿನ್ನಿಗೆ ಹಾಕುವ ಮೊದಲು,
ಆ ಒಂದು ಸಾಲಿನ ಚುಕ್ಕಿ ಅಳಿಸಿ
ಶ್ಯಾವಿಗೆಯಿಂದ ಇಪ್ಪತ್ತೆಂಟರವರೆಗೆ
ಇರುವೆ ಬಿಟ್ಟೆ. ಮೂವತ್ತೊಂದು. ಒಂದರ ಬಾಯಲ್ಲಿ ಎಳ್ಳಷ್ಟು ಏನೋ.

ಗಂಡಹೆಂಡಿರಿಗೆ ಏನೂ ಮಾಡಲಾಗಲಿಲ್ಲ.

ಇನ್ನೂರು ಪ್ರತಿ ಒಯ್ದಳು. ವಾರದ ಮೇಲೆ ಫೋನು:
ಬಂದವರೆಲ್ಲ ಮೊದಲು ಮೆನು ಜಾಡಿಸುತ್ತಾರಂತೆ,
ಕೆಲವರು ಬೆರಳಿಂದ ಒರೆಸುತ್ತಾರಂತೆ, ಊದುತ್ತಾರಂತೆ ಮಂದಿ,
ಆಮೇಲೆ ಅದನ್ನೇ ತರಿಸುತ್ತಾರಂತೆ.

ಇಲ್ಲಿ ಮಂದಿ ಅಂದರ ಜನ.